ಅತ್ತೆಯ ಸಂಚಿಯಲ್ಲಿದ್ದ ಫ್ಯೂಸು

ನನ್ನ ಅಪ್ಪನ ಬಲಗೈಯ ಎರಡು ಬೆರಳು ಅರ್ಧಕ್ಕೇ ನಿಂತುಬಿಟ್ಟಿದ್ದವು. ಉಳಿದರ್ಧ ಎಲ್ಲಿ ಹೋಯಿತು ಎಂದು ಚಿಕ್ಕಂದಿನಲ್ಲಿ ಕೇಳಿದಾಗಲೆಲ್ಲ ಹೊಸ ಹೊಸ ಕಥೆ ಹುಟ್ಟುತ್ತಿತ್ತು. ಒಮ್ಮೆ ಭದ್ರಾ ಹೊಳೆಯ ಮೊಸಳೆ ತಿಂದಿತ್ತು. ಇನ್ನೊಮ್ಮೆ ಲೆಕ್ಕದ ಪರೀಕ್ಷೆಯಲ್ಲಿ ಎಣಿಸುತ್ತಾ ಎಣಿಸುತ್ತಾ ಡೆಸ್ಕಿನ ಮೇಲೇ ಮರೆತು ಬಂದಿದ್ದರು. ಮತ್ತೊಮ್ಮೆ ಅಮ್ಮ ಮಾಡಿದ ಕೋಡುಬಳೆ ಎಂದುಕೊಂಡು ತಾವೇ ಕಚ್ಚಿ ತಿಂದಿದ್ದರು. ನಾವು ಮೂವರು ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅಪ್ಪನಿಗೆ ಭದ್ರಾವತಿಯ ಕಾರ್ಖಾನೆಯಲ್ಲಿ ಕರೆಂಟಿನ ಕೆಲಸ, ದೊಡ್ಡ ದೊಡ್ಡ ಮೋಟಾರುಗಳನ್ನು ನೋಡಿಕೊಳ್ಳುವ ವಿಭಾಗ. ಹಾಗಾಗಿ ನಿಜವಾಗಿ ಏನಾಗಿರಬಹುದೆಂದು ಬೆಳೆದ ಮೇಲೆ ನಾವೇ ಊಹಿಸಿಕೊಂಡೆವು, ಮತ್ತೆ ಕೇಳಲಿಲ್ಲ.

ನ್ಯೂ ಟೌನಿನ ನಮ್ಮ ಕ್ವಾರ್ಟರ್ಸಿನಲ್ಲಿ ಇನ್ನೊಂದು ವಿಚಿತ್ರವಿತ್ತು. ಅಮ್ಮ ಯಾವತ್ತೂ ಸ್ವಿಚ್ ಮುಟ್ಟುತ್ತಿರಲಿಲ್ಲ. ಸಂಜೆ ಕತ್ತಲಾದರೆ ಒಲೆಯ ಮುಂದೆ ಕುಳಿತೇ, "ಯಾರಾದ್ರೂ ಲೈಟ್ ಹಾಕ್ರೋ" ಎಂದು ಕೂಗುವಳು. ನಾವು ಆಟದಲ್ಲಿದ್ದರೆ ಬರುವವರೆಗೂ ಕತ್ತಲಲ್ಲೇ ಅಕ್ಕಿ ಆರಿಸುತ್ತಾ ಕೂರುವಳು. "ಮಹಾರಾಣಿಯವರಿಗೆ ಕೈ ಎತ್ತೋಕೂ ಆಳು ಬೇಕು" ಎಂದು ನಾವು ಗೇಲಿ ಮಾಡುತ್ತಿದ್ದೆವು. ಅಪ್ಪ ಷಿಫ್ಟು ಮುಗಿಸಿ ಬಂದರೆ ಚಪ್ಪಲಿ ಬಿಡುವ ಮೊದಲೇ ಮನೆಯ ದೀಪಗಳನ್ನೆಲ್ಲ ತಾವೇ ಹಾಕಿಕೊಂಡು ಬರುತ್ತಿದ್ದರು. ಆ ವಿಷಯಕ್ಕೆ ಒಂದು ದಿನವೂ ಅಮ್ಮನನ್ನು ರೇಗಿಸಲಿಲ್ಲ. ಪ್ರತಿಯೊಂದಕ್ಕೂ ರೇಗಿಸುವ ಮನುಷ್ಯ ಇದೊಂದನ್ನು ಯಾಕೆ ಬಿಟ್ಟರು ಎಂದು ನನಗೆ ಹೊಳೆಯಲೇ ಇಲ್ಲ.

ಮದುವೆಯಾಗಿ ನಾನು ಶಿವಮೊಗ್ಗದ ವಿದ್ಯಾನಗರಕ್ಕೆ ಬಂದದ್ದು ತೊಂಬತ್ತರ ದಶಕದ ಮೊದಲಿಗೆ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆಗಿದ್ದೆ. ಬೋರ್ಡಿನ ಮೇಲೆ ವಿದ್ಯುತ್ ಮಂಡಲ ಬಿಡಿಸಿ ಬಾಣದ ಗುರುತು ಹಾಕುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಮನೆಯಲ್ಲಿ ಬಲ್ಬು ಹೋದರೆ ಮಾತ್ರ ಪಕ್ಕದ ಮನೆಯವರನ್ನು ಕರೆಯುತ್ತಿದ್ದೆ.

ಮನೆಯಲ್ಲಿ ಅತ್ತೆ, ಯಜಮಾನರು, ನಾನು, ಮೂರೇ ಜನ. ಅತ್ತೆ ಹಣೆ ತುಂಬಾ ವಿಭೂತಿ ಹಚ್ಚಿ, ಸೊಂಟಕ್ಕೆ ಎಲೆಯಡಿಕೆ ಸಂಚಿ ಸಿಕ್ಕಿಸಿಕೊಂಡರೆಂದರೆ ಅವರ ದಿನ ಶುರುವಾಯಿತು. ಹಿತ್ತಲಿನ ಬಾವಿಯಿಂದ ದಿನಕ್ಕೆ ಇಪ್ಪತ್ತು ಕೊಡ ನೀರು ಸೇದುತ್ತಿದ್ದರು. ಯಜಮಾನರಿಗೆ ನವುಲೆಯ ಕೃಷಿ ಕಾಲೇಜಿನ ಆಫೀಸಿನಲ್ಲಿ ಕೆಲಸ. ಫೈಲು ಹಿಡಿದು ಕೂರುವ ಕೈಗೆ ಮನೆಗೆ ಬಂದ ಮೇಲೆ ತುರಿಕೆ. ರೇಡಿಯೋ, ಗಡಿಯಾರ, ಇಸ್ತ್ರಿಪೆಟ್ಟಿಗೆ, ಯಾವುದಾದರೂ ಸ್ವಲ್ಪ ಗೊರಗುಟ್ಟಿತೋ, ಬಿಚ್ಚಿ ಹರಡಿಕೊಂಡು ಕೂತೇಬಿಟ್ಟರು. ಜೋಡಿಸಿದ ಮೇಲೆ ಎರಡು ಸ್ಕ್ರೂ ಯಾವಾಗಲೂ ಮಿಗುತ್ತಿದ್ದವು. ಅತ್ತೆ ಅವನ್ನೆಲ್ಲ ಒಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದರು. "ಇನ್ನೊಂದು ಡಬ್ಬಿ ತುಂಬಿದ್ರೆ ಒಂದು ಹೊಸ ರೇಡಿಯೋನೇ ಆಗುತ್ತೆ" ಎಂದು ನನಗೆ ತೋರಿಸುತ್ತಿದ್ದರು.

ಅತ್ತೆಯ ಭುಜ ಹಿಡಿದುಕೊಂಡದ್ದು ನಾನು ಬಂದ ಮೂರನೆಯ ವರ್ಷ. ಇನ್ನು ನೀರು ಸೇದಕೂಡದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಬಾವಿಗೊಂದು ಮೋಟಾರು ಹಾಕಿಸಿ, ಮಾಳಿಗೆಯ ಮೇಲೆ ಟ್ಯಾಂಕು ಇಡೋಣ ಎಂದು ಯಜಮಾನರು ಕುಣಿದಾಡಿದರು. ಅತ್ತೆ ಬಿಲ್‌ಕುಲ್ ಒಪ್ಪಲಿಲ್ಲ. ಯಜಮಾನರು ಆಚೆ ಹೋದ ಮೇಲೆ ನನ್ನ ಹತ್ತಿರ ಬಂದು ಕುಳಿತರು.

"ನೋಡು ಮಾರಾಯ್ತಿ, ನನ್ಗೆ ಮೋಟಾರಿನ ಮೇಲೆ ಸಿಟ್ಟಿಲ್ಲ. ನನ್ಗಿರೋನು ಒಬ್ನೇ ಮಗ. ಅವನ ಕೈ ಸುಮ್ನಿರೋ ಕೈಯಲ್ಲ. ನೀರು, ಕರೆಂಟು, ಇವನ ಕೈ, ಮೂರೂ ಒಂದೇ ಕಡೆ ಸೇರೋದು ಬೇಡ. ನನ್ನ ಭುಜ ಹೋದ್ರೆ ಹೋಗ್ಲಿ, ಅವನ ಬೆರಳು ಹೋಗೋದು ಬೇಡ."

ಬೆರಳು ಎಂದಾಗ ಅವರ ಕಣ್ಣಿನ ಮುಂದೆ ಇದ್ದದ್ದು ನನ್ನ ಅಪ್ಪನ ಕೈ ಎಂಬುದು ನನಗೆ ಗೊತ್ತಾಯಿತು. ಸರಿ, ಅಪ್ಪನನ್ನೇ ಕರೆಸಿದೆ. ಆಗ ಅವರ ನಿವೃತ್ತಿಗೆ ಇನ್ನೂ ಕೆಲವು ವರ್ಷವಿತ್ತು. ವಾರದ ರಜೆಯ ದಿನ ಬೆಳಗ್ಗೆ ಎಂಟಕ್ಕೇ ಬಸ್ಸಿಳಿದು, ಕೈಯಲ್ಲಿ ಒಂದು ಚೀಲ, ಹಿಂದೆ ಅಮ್ಮ, ಹೀಗೆ ಬಂದರು. ಅತ್ತೆಗೆ ಅವರು ಹೇಳಿದ್ದು ಒಂದೇ ಮಾತು. "ಬೀಗ್ರೇ, ನನ್ನ ಕ್ರಮದಲ್ಲೇ ಹಾಕ್ತೀನಿ. ನಿಮ್ಗೆ ಧೈರ್ಯ ಬರ್ಲಿಲ್ಲ ಅಂದ್ರೆ ನಾನೇ ಬಿಚ್ಕೊಂಡು ಹೋಗ್ತೀನಿ."

ಪೈಪು ಇಳಿಸಲು ಬಜಾರಿನಿಂದ ಒಬ್ಬ ಸಾಹೇಬರು ಬಂದಿದ್ದರು. ಒಳ್ಳೆಯ ಕೆಲಸಗಾರ. ಬಾವಿಗೆ ಇಳಿಬಿಟ್ಟ ಪೈಪಿನ ತುದಿಗೆ ಫುಟ್‌ವಾಲ್ವು ಕೂರಿಸಿದರು. ಒಮ್ಮೆ ಮೇಲೇರಿದ ನೀರು ಮತ್ತೆ ಬಾವಿಗೆ ಜಾರದಂತೆ ತಡೆಯುವ ಬಾಗಿಲು ಅದು. ಬಾವಿಕಟ್ಟೆಯ ಪಕ್ಕ ಒಂದು ಮೊಳ ಎತ್ತರದ ಸಿಮೆಂಟು ಪೀಠ ಕಟ್ಟಿ, ಮೋಟಾರನ್ನು ಬೋಲ್ಟು ಹಾಕಿ ಕೂರಿಸಿದರು. ಅಲ್ಲಿಯವರೆಗೆ ಎಲ್ಲ ಸರಿ. ವೈರಿನ ಸರದಿ ಬಂದಾಗ ಎರಡು ತುದಿಗಳನ್ನು ಹುರಿಹುರಿಯಾಗಿ ತಿರುವಿ, ಮೇಲೆ ಕಪ್ಪು ಟೇಪು ಸುತ್ತಲು ಹೊರಟರು. ಅಪ್ಪ ಕೆಮ್ಮಿದರು.

"ಸಾಹೇಬ್ರೇ, ಬಾವಿ ಹತ್ರ ಗಂಟು ಬೇಡ. ಬೋರ್ಡಿಂದ ಮೋಟಾರಿನ ತನಕ ಒಂದೇ ತುಂಡು ವೈರು ಎಳೀರಿ."

"ಅರೇ ಅಣ್ಣಾ, ನಮ್ದು ಟೇಪು ಪಕ್ಕಾ ಇದೆ. ಫಿಕರ್ ಮಾಡ್ಬೇಡಿ."

"ನಿಮ್ಮ ಟೇಪು ಪಕ್ಕಾನೇ. ಮಳೆ ಪಕ್ಕಾ ಅಲ್ವಲ್ಲ?"

ಸಾಹೇಬರು ನಕ್ಕು ಹೊಸ ವೈರು ತರಲು ಸೈಕಲ್ ಹತ್ತಿದರು. ಅಷ್ಟರಲ್ಲಿ ಅಪ್ಪ ಹಿತ್ತಲಿನ ಮೂಲೆಯಲ್ಲಿ ಎದೆಮಟ್ಟದ ಗುಂಡಿ ತೋಡಿಸಿದ್ದರು. ಅದರಲ್ಲಿ ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಇದ್ದಿಲು, ಕಲ್ಲುಪ್ಪು, ಇದ್ದಿಲು, ಕಲ್ಲುಪ್ಪು ಎಂದು ಪದರ ಪದರವಾಗಿ ಸುರಿಯತೊಡಗಿದರು. ಅತ್ತೆ ಹೌಹಾರಿದರು. ಉಪ್ಪು ನೆಲಕ್ಕೆ ಚೆಲ್ಲಿದರೆ ಕಣ್ಣಿನ ರೆಪ್ಪೆಯಿಂದ ಆರಿಸಬೇಕಾಗುತ್ತದೆ ಎಂದು ನಂಬಿದವರು ಅವರು.

"ಚೆಲ್ತಿಲ್ಲ ಬೀಗ್ರೇ, ಬಡಿಸ್ತಿದೀನಿ" ಎಂದರು ಅಪ್ಪ. "ಮೋಟಾರಿನ ಮೈಗೆ ಎಲ್ಲಾದ್ರೂ ಕರೆಂಟು ಸೋರಿದ್ರೆ ಅದು ನಿಮ್ಮ ಮಗನ ಮೈ ಹುಡುಕ್ಕೊಂಡು ಬರ್ಬಾರ್ದು, ಸೀದಾ ಈ ದಪ್ಪ ತಂತಿ ಹಿಡ್ಕೊಂಡು ಭೂಮಿಗೆ ಹೋಗ್ಬೇಕು. ಭೂಮಿತಾಯಿ ಕರೆದ್ರೆ ತಾನೇ ಅದು ಹೋಗೋದು? ಅದಕ್ಕೆ ಉಪ್ಪು. ಬೇಸಿಗೆಯಲ್ಲಿ ವಾರಕ್ಕೊಂದು ಬಕೀಟು ನೀರೂ ಹೊಯ್ತಿರಿ."

ಮಗನ ಮೈ ಎಂಬ ಮಾತು ಕೇಳಿದ್ದೇ ತಡ, ಅತ್ತೆ ಒಳಗೆ ಹೋಗಿ ಇನ್ನೊಂದು ಸೇರು ಉಪ್ಪು ತಂದು ತಾವೇ ಸುರಿದರು.

ಅಪ್ಪನ ಕ್ರಮವೆಂದರೆ ಒಂದು ಸಣ್ಣ ಪೂಜೆಯ ಹಾಗೆಯೇ. ವೈರು ಜೋಡಿಸುವ ಮೊದಲು ಮನೆಯ ಮೇನ್ ಸ್ವಿಚ್ ಇಳಿಸಿದರು. ಹಿಂದಿನ ಜಗಲಿಯ ಬೋರ್ಡಿನಲ್ಲಿ ಮೋಟಾರಿಗೆಂದೇ ಬೇರೆ ಹಾಕಿದ್ದ ಬಿಳಿ ಪಿಂಗಾಣಿಯ ಫ್ಯೂಸನ್ನು ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡರು. ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ ಮುಟ್ಟಿಸಿ ಅದು ಉರಿಯುತ್ತದೆ ಎಂದು ನೋಡಿಕೊಂಡಿದ್ದರು. ಈಗ ಇಲ್ಲದ ಕಡೆ ಮುಟ್ಟಿಸಿ ಉರಿಯುವುದಿಲ್ಲ ಎಂದು ನೋಡಿದರು. "ಸತ್ತ ಟೆಸ್ಟರು ಎಲ್ಲಾ ಕಡೆನೂ ಕರೆಂಟಿಲ್ಲ ಅಂತ್ಲೇ ಹೇಳುತ್ತೆ" ಎಂದರು. ಇಷ್ಟು ವರ್ಷ ಪಾಠ ಹೇಳಿದ ನನಗೆ ಇದು ಗೊತ್ತಿರಲಿಲ್ಲ. ನಾಚಿಕೆಯಾಗಿ ಬೇಗನೆ ತಲೆಯಾಡಿಸಿದೆ.

ಯಜಮಾನರಿಗೆ ಅಸಹನೆ. "ಇರೋದು ಅರ್ಧ ಎಚ್‌ಪಿ ಮೋಟಾರು ಮಾವ, ಇದಕ್ಕೆ ಇಷ್ಟೊಂದಾ?"

ಅಪ್ಪ ತಿರುಗಿ ನೋಡಿದರು. ಅವರ ಮುಖದಲ್ಲಿ ಅಪರೂಪಕ್ಕೆ ನಗುವಿರಲಿಲ್ಲ. "ಕರೆಂಟಿಗೆ ದೊಡ್ಡ ಮೋಟಾರು, ಚಿಕ್ಕ ಮೋಟಾರು ಗೊತ್ತಿಲ್ಲ. ಅಳಿಯ, ಮಾವ ಅನ್ನೋದೂ ಗೊತ್ತಿಲ್ಲ. ಮೋಟಾರಿಗೆ ಕೈ ಹಾಕೋದಾದ್ರೆ ಫ್ಯೂಸು ಕಿತ್ತು ಮೈಮೇಲೆ ಇಟ್ಕೋಬೇಕು. ಬೋರ್ಡಲ್ಲಿದ್ರೆ ಯಾರಾದ್ರೂ ಸ್ವಿಚ್ ಹಾಕ್ತಾರೆ. ಹಾಕೋರು ಕೆಟ್ಟೋರಾಗಿರಲ್ಲ, ಗೊತ್ತಿರಲ್ಲ ಅಷ್ಟೆ."

ನಂತರ ಅವರೇ ಮೆತ್ತಗಾದರು. ಈ ಮನೆಯಲ್ಲಿ ಫ್ಯೂಸು ಕಾಯುವವರು ಯಾರು ಎಂದು ಸುತ್ತ ನೋಡಿದರು. ಯಜಮಾನರು ಪಂಚೆಯಲ್ಲಿದ್ದರು, ಜೇಬಿಲ್ಲ. ನನ್ನ ಸೀರೆಗೂ ಜೇಬಿಲ್ಲ. ಅಪ್ಪನ ಕಣ್ಣು ಅತ್ತೆಯ ಸೊಂಟಕ್ಕೆ ಹೋಗಿ ನಿಂತಿತು.

"ಬೀಗ್ರೇ, ನಿಮ್ಮ ಸಂಚಿ ಯಾವತ್ತಾದ್ರೂ ಮರೆತು ಎಲ್ಲಾದ್ರೂ ಇಟ್ಟಿದ್ದುಂಟಾ?"

"ಜೀವ ಹೋದ್ರೂ ಸಂಚಿ ಹೋಗಲ್ಲ."

"ಹಾಗಾದ್ರೆ ನೀವೇ ಈ ಮನೆ ಎಲೆಕ್ಟ್ರಿಕಲ್ ಇಂಜಿನಿಯರು" ಎಂದು ಫ್ಯೂಸನ್ನು ಅವರ ಕೈಗಿಟ್ಟರು. ಮೇನ್ ಇಳಿಸಿ ಹೇಗೆ ಕೀಳಬೇಕು, ಹೇಗೆ ಹಾಕಬೇಕು ಎಂದು ಹತ್ತು ಸಲ ಮಾಡಿಸಿದರು. ಸುಣ್ಣದ ಡಬ್ಬಿ, ಅಡಕತ್ತರಿ, ಬಿಳಿ ಫ್ಯೂಸು, ಮೂರೂ ಒಂದೇ ಸಂಚಿಯಲ್ಲಿ ಸೇರಿದವು.

ಇನ್ನು ಮೋಟಾರು ಓಡಿಸುವ ಘಳಿಗೆ. ಅತ್ತೆ ಮೋಟಾರಿನ ಹಣೆಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದು ಕುಂಕುಮ ಇಟ್ಟರು. ಸೇವಂತಿಗೆ ಹಾರ ಹಾಕಲು ಬಂದಾಗ ಮಾತ್ರ ಅಪ್ಪ ತಡೆದರು. ಹಿಂಬದಿಯ ಫ್ಯಾನು ಎಳೆದುಕೊಂಡರೆ ಸೇವಂತಿಗೆ ಪಲ್ಯವಾಗುತ್ತದೆ ಎಂದು ಹೇಳಿ, ಹಾರವನ್ನು ಬಾವಿಯ ರಾಟೆಗೆ ಹಾಕಿಸಿದರು. ಪಂಪಿನ ನೆತ್ತಿಯ ಬಿರಡೆ ಬಿಚ್ಚಿ, "ಇದಕ್ಕೆ ಮೊದಲು ನಾವು ನೀರು ಕುಡಿಸ್ಬೇಕು, ಆಮೇಲೆ ಅದು ನಮ್ಗೆ ಕುಡಿಸುತ್ತೆ. ಒಣ ಬಾಯಲ್ಲೇ ಓಡಿಸಿದ್ರೆ ಸುಟ್ಟುಹೋಗುತ್ತೆ" ಎಂದರು. ಆ ನೀರು ಸೇದುವ ಕೆಲಸವನ್ನು ಅತ್ತೆ ಯಾರಿಗೂ ಬಿಡಲಿಲ್ಲ. ನೋಯುವ ಭುಜದಲ್ಲೇ ಒಂದು ಕೊಡ ಸೇದಿ, ಚೊಂಬು ಚೊಂಬಾಗಿ ಹೊಯ್ದರು. ಗುಳುಗುಳು ಎಂದು ಗುಳ್ಳೆ ಬರುತ್ತಲೇ ಇತ್ತು. ಗುಳ್ಳೆ ನಿಂತು ನೀರು ಬಾಯಿಯ ತನಕ ತುಳುಕಿದ ಮೇಲೆ ಅಪ್ಪ ಬಿರಡೆ ಬಿಗಿದರು. ಅತ್ತೆ ಸಂಚಿಯಿಂದ ಫ್ಯೂಸು ತೆಗೆದು ಬೋರ್ಡಿಗೆ ಹಾಕಿ, ಮೇನ್ ಏರಿಸಿದರು.

ಸ್ವಿಚ್ಚನ್ನು ಅವರು ಬೇಕೆಂದೇ ಅಡುಗೆಮನೆಯ ಕಿಟಕಿಯ ಪಕ್ಕ ಹಾಕಿಸಿದ್ದರು. ಕಿಟಕಿಯಿಂದ ಬಾವಿ ಕಾಣುತ್ತಿತ್ತು. ನನ್ನನ್ನು ಅಲ್ಲಿ ನಿಲ್ಲಿಸಿದರು. ಒಣ ಕೈ, ಕಾಲಲ್ಲಿ ಚಪ್ಪಲಿ.

"ನೋಡ್ದೆ ಹಾಕ್ಬೇಡ. ಮೋಟಾರಿನ ಹತ್ರ ಇರೋರು ಹೀಗೆ ಎರಡೂ ಕೈ ಮೇಲೆತ್ತಿ ತೋರಿಸ್ಬೇಕು. ಎರಡೂ ಕೈ ಕಂಡ ಮೇಲೇ ಸ್ವಿಚ್. ಒಂದು ಕಂಡ್ರೆ ಸಾಲ್ದು."

ಅವರು ಬಾವಿಯ ಬಳಿ ಹೋಗಿ ನಿಂತು ಎರಡೂ ಕೈ ಎತ್ತಿದರು. ಎಂಟು ಪೂರ್ತಿ ಬೆರಳು, ಎರಡು ಅರ್ಧ. ನಾನು ಸ್ವಿಚ್ಚಿಗೆ ಕೈ ಹಾಕಿದ ಹೊತ್ತಿಗೆ, ನನ್ನ ಪಕ್ಕ ನಿಂತಿದ್ದ ಅಮ್ಮ ಸರಕ್ಕನೆ ತಿರುಗಿ ಮುಂಬಾಗಿಲಿನಿಂದ ಆಚೆ ನಡೆದಳು. ಇಷ್ಟು ಸಂಭ್ರಮದಲ್ಲೂ ಇವಳಿಗೆ ಆಸಕ್ತಿಯಿಲ್ಲವಲ್ಲ ಎಂದು ನನಗೆ ಸಿಟ್ಟೇ ಬಂತು.

ಸ್ವಿಚ್ ಒತ್ತಿದೆ. ಮೋಟಾರು ಗುಂಯ್ ಎಂದಿತು. ಪೈಪು ಒಮ್ಮೆ ನಡುಗಿತು. ನೀರು ಬರದಿದ್ದರೆ ನಿಮಿಷದೊಳಗೆ ನಿಲ್ಲಿಸಬೇಕೆಂದು ಅಪ್ಪ ಹೇಳಿದ್ದರಿಂದ ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಇಪ್ಪತ್ತಾರಕ್ಕೆ ಮಾಳಿಗೆಯ ಮೇಲಿಂದ ಯಜಮಾನರ ಕೂಗು ಕೇಳಿಸಿತು. "ಬಂತೂ! ಗಂಗಮ್ಮ ಬಂದ್ಲು!" ಅತ್ತೆ ತಮ್ಮ ಎಣ್ಣೆ ಹಚ್ಚಿದ ಭುಜವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಮಾಳಿಗೆ ನೋಡುತ್ತಾ ನಿಂತುಬಿಟ್ಟರು. ಅವತ್ತು ಹೋಳಿಗೆ ಮಾಡಿದೆವು, ಸಾಹೇಬರೂ ಎರಡು ತಿಂದರು.

ಫ್ಯೂಸು ಮೈಮೇಲಿರಬೇಕು ಎಂದು ಅಪ್ಪ ಹೇಳಿದ್ದು ರಿಪೇರಿಯ ದಿನಕ್ಕೆ. ಅತ್ತೆ ಅದನ್ನು ನಿತ್ಯದ ವ್ರತವನ್ನಾಗಿ ಮಾಡಿಕೊಂಡರು. ಬೆಳಗ್ಗೆ ಮೇನ್ ಇಳಿಸಿ, ಫ್ಯೂಸು ಹಾಕಿ, ಟ್ಯಾಂಕು ತುಂಬಿಸಿ, ಮತ್ತೆ ಮೇನ್ ಇಳಿಸಿ, ಫ್ಯೂಸು ಕಿತ್ತು ಸಂಚಿಗೆ. ದಿನಕ್ಕೆ ಎರಡು ಸಲ ಮನೆಯ ಕರೆಂಟು ಹೋಗುತ್ತಿತ್ತು. ಯಜಮಾನರ ರೇಡಿಯೋ ವಾರ್ತೆ ಸರಿಯಾಗಿ ಮುಖ್ಯಾಂಶದಲ್ಲೇ ಕತ್ತರಿಸಿ ಬೀಳುತ್ತಿತ್ತು. "ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ನಿನ್ನ ಅತ್ತೆಯದೂ ಅದೇ, ತಿಂಗಳೊಪ್ಪತ್ತಿಗೆ ಬಿಡ್ತಾರೆ ನೋಡು" ಎಂದು ಅವರು ನನಗೆ ಹೇಳಿದರು. ತಿಂಗಳಲ್ಲ, ವರ್ಷ ಕಳೆದರೂ ಅತ್ತೆ ಬಿಡಲಿಲ್ಲ. ಸ್ವಿಚ್ಚಿನ ಗೋಜೇ ನನಗಿರಲಿಲ್ಲ, ನಲ್ಲಿ ತಿರುಗಿಸಿದರೆ ನೀರು ಬರುತ್ತಿತ್ತು. ದಿನಾ ಎರಡು ಸಲ ಕರೆಂಟು ಹೋಗುವುದೂ ರೂಢಿಯಾಗಿ, ಫ್ಯೂಸಿನ ವಿಷಯ ಮರೆತೇ ಹೋಗಿತ್ತು. ಒಂದನ್ನು ಮಾತ್ರ ಅತ್ತೆ ಬದಲಾಯಿಸಲಿಲ್ಲ. ಲಿಂಗಪೂಜೆಯ ಒಂದು ಚೊಂಬು ನೀರನ್ನು ಹಳೆಯ ನಾರಿನ ಹಗ್ಗದಲ್ಲೇ ಸೇದಿಕೊಳ್ಳುತ್ತಿದ್ದರು.

ಮುಂದಿನ ಬೇಸಿಗೆ. ನನ್ನ ಅಮ್ಮನೂ ಅತ್ತೆಯೂ ಸೇರಿ ಹಪ್ಪಳ, ಸಂಡಿಗೆ ಮಾಡುವುದೆಂದು ಮಾತಾಗಿತ್ತು. ನ್ಯೂ ಟೌನಿನ ಕ್ವಾರ್ಟರ್ಸಿನ ಅಂಗಳಕ್ಕೆ ಬೀಳುವ ಬಿಸಿಲು ವಿದ್ಯಾನಗರದಲ್ಲಿ ಎಲ್ಲಿದೆ ಎಂಬುದು ಅತ್ತೆಯ ವಾದ. ಶನಿವಾರ ಬೆಳಗ್ಗೆ ಟ್ಯಾಂಕು ತುಂಬಿಸಿ ಹೊರಟು ನಿಂತರು. ಹೊರಡುವಾಗ ಮಗನನ್ನು ಕರೆದರು.

"ಮೋಟಾರು ಯಾಕೋ ಗೊರಗೊರ ಅಂತಿದೆ ಕಣೋ. ನಾನು ಬರೋವಾಗ ಬೀಗ್ರನ್ನ ಕರ್ಕೊಂಡು ಬರ್ತೀನಿ. ಅಲ್ಲೀತನಕ ನೀನು ಬಿಚ್ಬೇಡ."

"ಹೂಂ" ಎಂದರು ಯಜಮಾನರು, ಪೇಪರಿನಿಂದ ತಲೆ ಎತ್ತದೆ. ಅತ್ತೆ ಒಂದು ಕ್ಷಣ ಅವರನ್ನೇ ನೋಡಿ, ಸಂಚಿ ಸರಿಮಾಡಿಕೊಂಡು ಬಸ್ಸಿಗೆ ಹೋದರು.

ಭಾನುವಾರ ನಾನು ಮನೆಯ ಹೊದಿಕೆಗಳನ್ನೆಲ್ಲ ಒಗೆದೆ. ಹತ್ತು ಗಂಟೆಯ ಹೊತ್ತಿಗೆ ಅಡುಗೆಮನೆಯ ನಲ್ಲಿ ಉಸ್ಸೆಂದು ಗಾಳಿ ಬಿಟ್ಟಿತು. ಟ್ಯಾಂಕು ಖಾಲಿ. ಸ್ವಿಚ್ ಒತ್ತಿದೆ, ಸದ್ದಿಲ್ಲ. ಮೇಲೆ ನೋಡಿದರೆ ಫ್ಯಾನೂ ನಿಂತಿತ್ತು. ಆಗ ಬೇಸಿಗೆ ಬಂದರೆ ಲೋಡ್ ಶೆಡ್ಡಿಂಗ್. ಹತ್ತರಿಂದ ಒಂದರವರೆಗೆ ಕರೆಂಟಿಲ್ಲ ಎಂದು ಹೇಳಿದ್ದರು. ಆ ದಿನಗಳಲ್ಲಿ ನಮ್ಮ ಬೀದಿಯ ಎಲ್ಲರೂ ಮಾಡುತ್ತಿದ್ದದ್ದನ್ನೇ ನಾನೂ ಮಾಡಿದೆ. ಸ್ವಿಚ್ಚನ್ನು ಹಾಗೇ ಬಿಟ್ಟೆ, ಕರೆಂಟು ಬಂದಾಗ ಮೋಟಾರು ತಾನೇ ಶುರುವಾಗಲಿ ಎಂದು. ಕಿಟಕಿಯ ಕಡೆ ನೋಡಲೂ ಇಲ್ಲ. ನೋಡಿದ್ದರೂ ಆಗ ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ರೊಟ್ಟಿ ತಟ್ಟುತ್ತಾ ಕುಳಿತೆ.

ಯಜಮಾನರ ಲೆಕ್ಕಾಚಾರ ಬೇರೆಯೇ ಇತ್ತು. ಕರೆಂಟೇ ಇಲ್ಲದ ಮೇಲೆ ಫ್ಯೂಸೇನು, ಮೇನೇನು? ಒಂದು ಗಂಟೆಯೊಳಗೆ ಬಿಚ್ಚಿ ಜೋಡಿಸಿದರೆ ತಮ್ಮ ಅಮ್ಮನಿಗೂ ಗೊತ್ತಾಗುವುದಿಲ್ಲ. ಸದ್ದಿಲ್ಲದೆ ಹಿಂಬಾಗಿಲಿನಿಂದ ಹೋಗಿ, ಪಂಪಿನ ಮುಂದಿನ ಮುಚ್ಚಳ ಬಿಚ್ಚಿದರು. ಒಳಗಿನ ಚಕ್ರಕ್ಕೆ ನಾರು ಸುತ್ತಿಕೊಂಡಿತ್ತು. ಅತ್ತೆಯ ಹಳೆಯ ಹಗ್ಗದಿಂದ ಉದುರಿದ ನಾರು, ಫುಟ್‌ವಾಲ್ವಿನ ಜಾಲರಿಯನ್ನೂ ದಾಟಿ ಮೇಲೆ ಬಂದಿತ್ತು. ಎರಡು ಬೆರಳು ಒಳಗೆ ಹಾಕಿ ಎಳೆ ಎಳೆಯಾಗಿ ಬಿಡಿಸುತ್ತಾ ಕುಳಿತರು.

ಹನ್ನೊಂದೂವರೆಗೆ ನನ್ನ ತಲೆಯ ಮೇಲೆ ಫ್ಯಾನು ತಿರುಗಿತು. ನಡುಮನೆಯಲ್ಲಿ ರೇಡಿಯೋ ಹಾಡತೊಡಗಿತು. ಒಂದು ಗಂಟೆಗೆ ಬರಬೇಕಾದದ್ದು ಆಗಲೇ ಬಂದಿತ್ತು. ಬಕೀಟು ಹಿಡಿಯೋಣವೆಂದು ಎದ್ದವಳು ಕಿಟಕಿಯಾಚೆ ನೋಡಿದೆ. ಯಜಮಾನರ ಬೆನ್ನು ಕಂಡಿತು. ಬಗ್ಗಿದ ತಲೆ ಕಂಡಿತು. ಬಲಗೈ ಮಣಿಕಟ್ಟಿನವರೆಗೆ ಮಾತ್ರ ಕಂಡಿತು, ಉಳಿದದ್ದು ಪಂಪಿನೊಳಗಿತ್ತು. ಗೋಡೆಯ ಮೇಲಿನ ಸ್ವಿಚ್ಚು ಕೆಳಗಿತ್ತು, ಆನ್.

ನಾನು ಕಿರುಚಿದ್ದು ನಮ್ಮ ಬೀದಿಗೆಲ್ಲ ಕೇಳಿಸಿತಂತೆ. ಹಿಟ್ಟಿನ ಕೈಯಲ್ಲೇ ಸ್ವಿಚ್ಚನ್ನು ಹೊಡೆದು ಆಫ್ ಮಾಡಿ ಹಿತ್ತಲಿಗೆ ಓಡಿದೆ. ಯಜಮಾನರು ಗಾಬರಿಯಾಗಿ ಎದ್ದು ನಿಂತಿದ್ದರು. ಐದೂ ಬೆರಳಿದ್ದವು. ಅದರಲ್ಲಿ ಎರಡಕ್ಕೆ ಗ್ರೀಸು ಮೆತ್ತಿತ್ತು.

"ಏನಾಯ್ತು ಮಾರಾಯ್ತಿ, ಹಾವಾ?"

"ಕರೆಂಟ್ ಬಂತು. ಸ್ವಿಚ್ ಆನ್ ಇತ್ತು. ನಾನೇ ಹಾಕಿದ್ದೆ."

ಅವರು ಒಮ್ಮೆ ಮೋಟಾರು ನೋಡಿದರು, ಒಮ್ಮೆ ತಮ್ಮ ಕೈ ನೋಡಿಕೊಂಡರು. ಆಮೇಲೆ ಅಲ್ಲೇ ಬಾವಿಕಟ್ಟೆಯ ಮೇಲೆ ಕುಳಿತರು.  ಮೋಟಾರು ಯಾಕೆ ತಿರುಗಲಿಲ್ಲ ಎಂದು ಆಗ ಕೇಳಿದೆ. ಇಬ್ಬರೂ ಜಗಲಿಯ ಬೋರ್ಡಿನ ಹತ್ತಿರ ಹೋದೆವು. ಮೋಟಾರಿನ ಫ್ಯೂಸು ಇರಬೇಕಾದ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿಯಿತ್ತು.

ಆಗ ನಗು ಶುರುವಾಯಿತು. ಅದು ಎಂಥ ನಗುವೆಂದರೆ, ಅಳುವುದಕ್ಕೂ ಅದಕ್ಕೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. "ಅಮ್ಮ ಮರೆತು ಸಂಚೀಲೇ ಹಾಕ್ಕೊಂಡು ಭದ್ರಾವತಿಗೆ ಹೋಗಿದಾಳೆ ಕಣೆ!" ಎಂದು ಯಜಮಾನರು ಕಣ್ಣೊರೆಸಿಕೊಂಡರು. ಮನೆಯಲ್ಲಿ ತೊಟ್ಟು ನೀರಿರಲಿಲ್ಲ, ಮತ್ತೆ ಆ ಬಾವಿಯ ಹತ್ತಿರ ಹೋಗಿ ಸೇದುವ ಮನಸ್ಸು ಇಬ್ಬರಿಗೂ ಇರಲಿಲ್ಲ. ಪಕ್ಕದ ಮನೆಯಲ್ಲಿ ಕೈಕಾಲು ತೊಳೆದು, ಮೂರು ಗಂಟೆಯ ಹೊತ್ತಿಗೆ ಇಬ್ಬರೂ ಭದ್ರಾವತಿಯ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಅವರ ಬಲಗೈಯನ್ನು ಬಿಡಲಿಲ್ಲ. ಅಕ್ಕಪಕ್ಕದವರು ಹೊಸದಾಗಿ ಮದುವೆಯಾದವರು ಎಂದುಕೊಂಡಿರಬೇಕು.

ನ್ಯೂ ಟೌನಿನ ಅಂಗಳದಲ್ಲಿ ಹಳೆಯ ಸೀರೆಯ ಮೇಲೆ ಸಂಡಿಗೆ ಸಾಲು ಸಾಲಾಗಿ ಒಣಗಿತ್ತು. ಬಿಸಿಲಿಳಿಯುತ್ತಿದ್ದರಿಂದ ಅಮ್ಮ, ಅತ್ತೆ ಇಬ್ಬರೂ ಅದನ್ನು ಬಿಡಿಸಿ ಮೊರಕ್ಕೆ ತುಂಬುತ್ತಿದ್ದರು. ಅಪ್ಪ ಪಕ್ಕದಲ್ಲಿ ಕುಳಿತು ಒಣಗಿದೆಯೋ ಇಲ್ಲವೋ ಪರೀಕ್ಷೆ ಮಾಡುವ ನೆವದಲ್ಲಿ ತಿನ್ನುತ್ತಿದ್ದರು. ಕಾಫಿ ಕುಡಿಯುತ್ತಾ, ಕತ್ತಲು ಕವಿಯುವ ಹೊತ್ತಿಗೆ ಒಳಗೆ ಬಂದು ಕುಳಿತಾಗ ಯಜಮಾನರು ಕಥೆ ತೆಗೆದರು. ತಮ್ಮ ತಪ್ಪನ್ನು ಸ್ವಲ್ಪ ಚಿಕ್ಕದು ಮಾಡಿ, ತಮ್ಮ ಅಮ್ಮನ ಮರೆವನ್ನು ಸ್ವಲ್ಪ ದೊಡ್ಡದು ಮಾಡಿ ಹೇಳಿದರು.

ಅತ್ತೆ ಪೂರ್ತಿ ಕೇಳಿಸಿಕೊಂಡರು. ಸಂಚಿಯ ದಾರ ಸಡಿಲಿಸಿ, ಅಡಕತ್ತರಿಯ ಕೆಳಗಿಂದ ಫ್ಯೂಸು ತೆಗೆದು ನೆಲದ ಮೇಲಿಟ್ಟರು. ಅದಕ್ಕೆ ಸುಣ್ಣ ಮೆತ್ತಿತ್ತು.

"ಮರ್ತು ತಂದಿದ್ದಲ್ಲ ಕಣೋ" ಎಂದರು. "ಚಿಕ್ಕೋನಿದ್ದಾಗ ಹೊಳೆಗೆ ಹೋಗ್ಬೇಡ ಅಂದ್ರೂ ಹೀಗೇ 'ಹೂಂ' ಅಂತಿದ್ದೆ, ತಲೆ ಎತ್ತದೆ. ಸಂಜೆ ಒದ್ದೆ ಚಡ್ಡಿಲಿ ಬರ್ತಿದ್ದೆ. ನಿನ್ನ ಹೂಂ ನನ್ಗೆ ಗೊತ್ತಿಲ್ವಾ?"

 ಅಪ್ಪ ಎದ್ದು ಅತ್ತೆಗೆ ಕೈ ಮುಗಿದುಬಿಟ್ಟರು. ನನಗೆ ಅದುವರೆಗೆ ಅದುಮಿಟ್ಟದ್ದೆಲ್ಲ ಒಮ್ಮೆಲೇ ಉಕ್ಕಿ ಬಂತು.

"ಸ್ವಿಚ್ ಹಾಕಿದ್ದು ನಾನು. ಕರೆಂಟ್ ಬಂದಾಗ ಓಡ್ಲಿ ಅಂತ ಬಿಟ್ಟಿದ್ದೆ. ನೋಡ್ಲಿಲ್ಲ. ನೋಡ್ದೇನೇ ಹಾಕ್ದೆ ಅಪ್ಪಾ" ಎಂದು ನಾನು ಅತ್ತುಬಿಟ್ಟೆ.

ಅಮ್ಮ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. ನನ್ನ ಪಕ್ಕಕ್ಕೆ ಸರಿದು ಬಂದು ನನ್ನ ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಕತ್ತಲಲ್ಲಿ ಅವಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ.

"ನಾನೂ ಹಾಗೇ ಬಿಟ್ಟಿದ್ದೆ" ಎಂದಳು.

ಅಪ್ಪ ತಡೆಯಲು ಹೋದರು. "ಈಗ ಯಾಕೆ ಅದು?"

"ಈಗ್ಲೇ ಹೇಳ್ಬೇಕು" ಎಂದಳು ಅಮ್ಮ. "ನಿನ್ಗಾಗ ಎರಡು ವರ್ಷ. ನಿಮ್ಮಪ್ಪನ ಸ್ನೇಹಿತರೊಬ್ರು ಹೊಸ ಮನೆ ಕಟ್ಟಿಸಿದ್ರು. ಬಾವಿಗೆ ಬೆಲ್ಟಿನ ಪಂಪು. ಕೆಟ್ಟಿದೆ, ನೋಡು ಅಂತ ಊಟಕ್ಕೆ ಕರೆದಿದ್ರು. ಕಾರ್ಖಾನೇಲಿ ಫ್ಯೂಸು ಜೇಬಲ್ಲಿ ಇಟ್ಕೊಳ್ದೆ ಒಂದು ಸ್ಕ್ರೂ ಮುಟ್ಟದ ಮನುಷ್ಯ, ಮನೆ ಮೋಟಾರು ತಾನೆ, ಕರೆಂಟೂ ಇಲ್ವಲ್ಲ ಅಂತ ಕೈ ಹಾಕಿದ್ರು. ಅಡುಗೆಮನೇಲಿ ನಾನಿದ್ದೆ. ಹಂಡೆ ಖಾಲಿ ಇತ್ತು. ಸ್ವಿಚ್ ಹಾಕಿಟ್ಟೆ."

ಕಾರ್ಖಾನೆಯ ಇಷ್ಟು ವರ್ಷದಲ್ಲಿ ಅಪ್ಪನ ಕೈಗೆ ಒಂದು ಗೀರೂ ಆಗಿರಲಿಲ್ಲವಂತೆ. ಮೊಸಳೆ, ಕೋಡುಬಳೆ ಎಂದು ಅವರು ಕಟ್ಟಿದ ಕಥೆಗಳೆಲ್ಲ ಅಮ್ಮನ ಹೆಸರು ಬರದಿರಲಿ ಎಂದು. ಅಮ್ಮ ಕತ್ತಲಲ್ಲಿ ಅಕ್ಕಿ ಆರಿಸುತ್ತಾ ಕೂರುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿತು. ಅವಳನ್ನು ಮಹಾರಾಣಿ ಎಂದು ಕರೆದವಳು ನಾನೇ. ನಾಲಿಗೆ ಕಚ್ಚಿಕೊಳ್ಳುವಂತಾಯಿತು.

ಅತ್ತೆ ಸಂಚಿಯನ್ನು ಮತ್ತೆ ತಮ್ಮತ್ತ ಎಳೆದುಕೊಂಡರು. ಒಂದು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಚಿ ಅಮ್ಮನ ಕೈಗೆ ತುರುಕಿದರು.

"ನಮ್ಮನೆ ಕೈ ಉಳೀತು. ನಿಮ್ಮ ಮನೆ ಕೈಯಿಂದಾನೇ ಉಳಿದಿದ್ದು, ಬೀಗ್ರು ಅವತ್ತು ನನ್ಗೆ ಹೇಳಿಕೊಡ್ದೇ ಇದ್ದಿದ್ರೆ? ಇಷ್ಟು ವರ್ಷ ಕತ್ತಲಲ್ಲಿ ಕೂತಿದ್ದು ಸಾಕು ಮಾರಾಯ್ತಿ. ನನ್ಗಂತೂ ಏನೂ ಕಾಣ್ತಿಲ್ಲ, ಎದ್ದು ಆ ಲೈಟ್ ಹಾಕು."

ನಾನು ಏಳಲು ಹೋದೆ. ಅತ್ತೆ ನನ್ನ ತೊಡೆ ಅದುಮಿ ಕೂರಿಸಿದರು. ಯಜಮಾನರು ಕೂಡ ಮೊದಲ ಬಾರಿಗೆ ಕೈ ಕಟ್ಟಿಕೊಂಡು ಸುಮ್ಮನೆ ಕುಳಿತಿದ್ದರು. ಅಮ್ಮ ಎಲೆಯನ್ನು ಬಾಯಿಗಿಟ್ಟುಕೊಂಡು ನಿಧಾನವಾಗಿ ಎದ್ದಳು. ಗೋಡೆ ಸವರುತ್ತಾ ಹೋಗಿ ಸ್ವಿಚ್ಚಿನ ಹತ್ತಿರ ನಿಂತಳು, ಅಷ್ಟೆ. ಕೈ ಮುಂದೆ ಹೋಗಲಿಲ್ಲ.

"ಎಲ್ಲಿದೀರಿ?" ಎಂದು ಕೇಳಿದಳು.

"ಇಲ್ಲೇ ಇದೀನಿ, ನೋಡು" ಎಂದರು ಅಪ್ಪ.

ಅವರು ಕೋಣೆಯ ನಡುವೆ ಎದ್ದು ನಿಂತು, ಕಿಟಕಿಯಿಂದ ಬರುತ್ತಿದ್ದ ಬೀದಿ ದೀಪದ ಬೆಳಕಿಗೆ ಕಾಣುವಂತೆ ಎರಡೂ ಕೈ ಮೇಲೆತ್ತಿದ್ದರು. ಅಮ್ಮ ತಿರುಗಿ ನೋಡಿದಳು. ಎರಡೂ ಕೈ ಕಂಡವು. ಲೈಟ್ ಹಾಕಿದಳು.